ಪಾದ್ರಿಯ ಮುಖ ನೋಡಿ ತುರಿದ ತ್ಸೀಗರ್

ಎನ್ನೆಂಡಾ,
11 ಮೇ 1978, ಗುರುವಾರ

ಪ್ರೀತಿಯ ನಾದಿನಿ ಸಿಬಿಲ್ಲಾಳಿಗೆ,

ನೀನು, ನಿನ್ನ ಗಂಡ ಎತ್ತೋರೆ, ನಿಮ್ಮ ಬಾಲ್ಕನಿಯ ನಿಂಬೆ ಗಿಡ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಈಸ್ಟರ್‌ಗೆ ನೀನು ಬರೆದ ಕಾಗದ ಗಡಿಯಾರದ ಹಿಂದೆ ಕೂತು ದಿನವೂ ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಉತ್ತರ ತಡವಾಯಿತು, ಬೈಯಬೇಡ. ಕ್ರಿಸ್ಮಸ್‌ಗೆ ನಾನು ಕಳಿಸಿದ ತ್ಸೀಗರ್ ಚೀಸಿನ ಗಡ್ಡೆಯನ್ನು ನಿನ್ನ ಗಂಡ ಮನೆಯೊಳಗೆ ಬಿಟ್ಟುಕೊಳ್ಳದೆ ಬಾಲ್ಕನಿಯಲ್ಲಿಟ್ಟನಂತೆ, ಮೇಲಿನ ಮನೆಯವರು ಚರಂಡಿ ಒಡೆದಿದೆಯೆಂದು ಜನ ಕರೆಸಿದರಂತೆ. ಅದನ್ನು ನೆನೆದಾಗಲೆಲ್ಲ ನಗು ಬರುತ್ತದೆ. ಬೆಟ್ಟದಾಚೆಯ ಲುಗಾನೋ ಜನಕ್ಕೆ ನಮ್ಮ ಹಸಿರು ಚೀಸಿನ ಮರ್ಮ ಏನು ಗೊತ್ತು, ಪಾಪ. ನಿನ್ನ ಅಣ್ಣ ಬಾಲ್ಟ್ಸನ ಕೋಟಿನ ವಿಷಯ ನೀನು ಕೇಳಿದ್ದೆ. ಅದಿರಲಿ, ಮೊದಲು ಊರಿನ ಸುದ್ದಿ ಕೇಳು.

ನನ್ನ ಮೂಗು ಹೋಯಿತು. ಗಾಬರಿಯಾಗಬೇಡ, ಮುಖದ ಮೇಲೆ ಇದ್ದಲ್ಲೇ ಇದೆ, ನಿನ್ನ ಅಣ್ಣ ಹಾಸ್ಯ ಮಾಡುತ್ತಿದ್ದಷ್ಟೇ ಉದ್ದವೂ ಇದೆ. ಆದರೆ ಕೆಲಸ ಬಿಟ್ಟಿದೆ. ಫೆಬ್ರವರಿಯ ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ಕರಿಯಾಗುತ್ತಿದ್ದಾಗ ನಾನು ಪಕ್ಕದಲ್ಲೇ ಕೂತು ಕಾಲುಚೀಲ ಹೆಣೆಯುತ್ತಿದ್ದೆ. ಬೀದಿಯಲ್ಲಿ ಹೋಗುತ್ತಿದ್ದವರು ಒಳಗೆ ಓಡಿಬಂದು ಪಾತ್ರೆ ಇಳಿಸಿದರು. ಡಾಕ್ಟರನ್ನು ಕೇಳಿದೆ. ಬಂದರೂ ಬರಬಹುದು, ಬರದಿದ್ದರೂ ಇರಬಹುದು ಅಂದ. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕೇ, ನಮ್ಮ ಬೆಕ್ಕೂ ಹೇಳುತ್ತಿತ್ತು.

ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಜನರೆಲ್ಲ ಕೈಯೆತ್ತಿ ಮತ ಹಾಕುವ ಸಭೆಯ ದಿನ ಸಂಜೆ ನಮ್ಮ ಅಗ್ನಿಶಾಮಕ ದಳದವರಿಗೂ ಅವರ ಮನೆಯವರಿಗೂ ತ್ಸೀಗರ್ ಮ್ಯಾಕರೋನಿ ಬಡಿಸುವ ಹಂಡೆ ನಿನ್ನ ಅಮ್ಮನಿಂದ ನನ್ನ ಕೈಗೆ ಬಂದದ್ದು. ಮೂಗಿಲ್ಲದವಳ ಕೈಯಲ್ಲಿ ಆ ಹಂಡೆಯನ್ನು ಯಾರು ಬಿಟ್ಟಾರು? ಅದು ನೇರವಾಗಿ ರೆಗುಲಾ ಕುಂಡರ್ಟ್‌ಳ ಮಡಿಲಿಗೆ ಹೋಗುತ್ತಿತ್ತು. ಹಂಡೆಯ ಹಿಡಿಯನ್ನು ದೂರದಿಂದಲೇ ಸವರುವ ಅವಳ ಕಣ್ಣು ನಿನಗೆ ನೆನಪಿರಬೇಕು. ಅವಳು ತ್ಸೀಗರನ್ನು ತಕ್ಕಡಿಯಲ್ಲಿ ತೂಗಿ, ಮೇಲೆ ಕೆನೆ ಸುರಿದು, ಕೂಸಿಗೆ ಕೊಡುವ ಔಷಧದ ಹಾಗೆ ಹಾಕುವವಳು.

ತ್ಸೀಗರ್ ತೂಗುವ ವಸ್ತುವೇ? ಒಂದು ಗಡ್ಡೆ ಇದ್ದ ಹಾಗೆ ಇನ್ನೊಂದಿರುವುದಿಲ್ಲ. ಎಷ್ಟು ಮಾಗಿದೆ, ಅದಕ್ಕೆ ಬೆರೆಸಿದ ಆ ವರ್ಷದ ನೀಲಿ ಮೆಂತ್ಯದ ಸೊಪ್ಪು ಎಷ್ಟು ಖಾರ, ಎಲ್ಲ ಬಿಸಿ ಬೆಣ್ಣೆಗೆ ಬಿದ್ದಾಗಲೇ ತಿಳಿಯುವುದು. ಸ್ವಲ್ಪ ಕಡಿಮೆಯಾದರೆ ಸಪ್ಪೆ, ಸ್ವಲ್ಪ ಹೆಚ್ಚಾದರೆ ಕೊಟ್ಟಿಗೆ. ಮೂಗಿನ ಹಿಂಭಾಗಕ್ಕೆ ಘಾಟು ಮುಟ್ಟಿದೊಡನೆ ಕೈ ನಿಲ್ಲಬೇಕು. ಇದನ್ನೆಲ್ಲ ನಾನೇ ಹೋದ ವರ್ಷ ಎಲ್ಲರೆದುರು ಜಂಬದಿಂದ ಹೇಳಿ, ತಕ್ಕಡಿ ಹಿಡಿದವಳು ಔಷಧದಂಗಡಿಗೆ ಹೋಗಲಿ ಎಂದು ರೆಗುಲಾಳನ್ನು ಅಣಕಿಸಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ನಾನು ತಕ್ಕಡಿ ಮುಟ್ಟುವ ಹಾಗಿಲ್ಲ. ನಾಲಿಗೆಯನ್ನು ನಂಬೋಣವೆಂದರೆ ಅದಕ್ಕೆ ಉಪ್ಪು ಬಿಟ್ಟು ಬೇರೇನೂ ಗೊತ್ತಾಗುತ್ತಿರಲಿಲ್ಲ.

ಮೂಗು ಹೋದದ್ದರಿಂದ ಒಂದೇ ಒಂದು ಲಾಭವಾಯಿತು. ಚರ್ಚಿನಲ್ಲಿ ಹೀಟರಿನ ಪಕ್ಕದ ಬೆಚ್ಚಗಿನ ಜಾಗ ಯಾವಾಗಲೂ ಖಾಲಿ. ಯಾಕೆಂದರೆ ಅದರ ಪಕ್ಕ ರೆಗುಲಾ ಕೂರುತ್ತಾಳೆ, ಮಂಡಿನೋವಿಗೆಂದು ಮರ್ಮಟ್ ಕೊಬ್ಬು ಹಚ್ಚಿಕೊಂಡು ಬರುತ್ತಾಳೆ. ಆ ನಾತಕ್ಕೆ ಬೆಟ್ಟದ ಮರ್ಮಟ್‌ಗಳೇ ಬಿಲ ಬಿಟ್ಟು ಓಡಬೇಕು. ಈ ಚಳಿಗಾಲದಲ್ಲಿ ನಾನು ಅಲ್ಲೇ ಹಾಯಾಗಿ ಕೂತು ಪ್ರವಚನ ಕೇಳಿದೆ.

ಅಲ್ಲಿ ಕೂತಾಗಲೇ ಉಪಾಯ ಹೊಳೆದದ್ದು. ನಮ್ಮ ಪಾದ್ರಿ ಹ್ಯೂರ್ಲಿಮನ್ ಜ್ಯೂರಿಕ್ ನಗರದವರು, ಮಾತು ಮೃದು, ಮೂಗು ಇನ್ನೂ ಮೃದು. ಊರಿಗೆ ಬಂದ ಮೊದಲ ವರ್ಷ ಸಭೆಯ ದಿನ ನನ್ನ ಅಡುಗೆಮನೆಗೆ ಬಂದಾಗ ಅವರ ಮುಖವನ್ನು ನಾನು ಗಮನಿಸಿದ್ದೆ. ತ್ಸೀಗರ್ ಹದವಾಗಿ ಬಿದ್ದಾಗ ಎಡ ಹುಬ್ಬು ಮೇಲೇರುತ್ತದೆ. ಒಂದು ಚಿಟಿಕೆ ಹೆಚ್ಚಾದರೆ ಕರವಸ್ತ್ರ ಹೊರಬರುತ್ತದೆ, ಆಹಾ ಏನು ಘಮ ಎನ್ನುತ್ತಾ ಬಾಗಿಲ ಕಡೆ ಸರಿಯುತ್ತಾರೆ. ಇಷ್ಟು ನಿಖರವಾದ ಮೂಗು ಊರಲ್ಲಿರುವಾಗ ನನ್ನದು ಯಾಕೆ ಬೇಕು? ಅಡುಗೆ ಮಾಡುವಾಗ ದೇವರ ಮಾತು ಕಿವಿಗೆ ಬಿದ್ದರೆ ಒಳ್ಳೆಯದು, ಬಂದು ಸ್ಟೂಲಿನ ಮೇಲೆ ಕೂರಿ ಎಂದು ಕರೆದೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡರು.

ಭಾನುವಾರ ಬಂತು. ಬೆಳಗಿನಿಂದ ಬೆಟ್ಟದಿಂದ ಇಳಿಯುವ ಒಣ ಬಿಸಿ ಫ್ಯೋನ್ ಗಾಳಿ, ನಿನ್ನ ಬಾಲ್ಯದಲ್ಲಿ ಬೀಸುತ್ತಿದ್ದಂಥದೇ, ತಲೆ ಸಿಡಿಯುವಂಥದು. ಸಭೆಯಲ್ಲಿ ಕೈಯೆತ್ತಿದವರ ಟೋಪಿಗಳು ಲಿಂತ್ ಹೊಳೆಯ ಕಡೆ ಹಾರಿದವು. ಮಧ್ಯಾಹ್ನ ಎಲ್ಲರೂ ಬಿಳಿ ಸಾರಿನ ಕರುವಿನ ಸಾಸೇಜು ತಿಂದು, ಗ್ಲಾರುಸ್‌ನಿಂದ ಸೇತುವೆ ದಾಟಿ ನಮ್ಮೂರಿಗೆ ಬಂದರು. ಆ ಗಾಳಿಗೆ ಎಲ್ಲಾದರೂ ಬೆಂಕಿ ಹತ್ತೀತೆಂದು ದಳದವರು ಇಬ್ಬಿಬ್ಬರಾಗಿ ಬೀದಿಯಲ್ಲಿ ಕಾವಲು ತಿರುಗುತ್ತಿದ್ದರು. ಒಬ್ಬರೂ ಪೈಪು ಹೊತ್ತಿಸುವಂತಿಲ್ಲ. ಹಾಗಾಗಿ ಎಲ್ಲರಿಗೂ ಸಿಡುಕು, ಎಲ್ಲರಿಗೂ ಹಸಿವು.

ನಾನು ಈರುಳ್ಳಿ ಕೆಂಪಗೆ ಹುರಿದಿಟ್ಟು, ಬೆಣ್ಣೆ ಕಾಯಿಸಿ, ಗಡ್ಡೆ ಹಿಡಿದು ತುರಿಯತೊಡಗಿದೆ. ಪಾದ್ರಿ ಸ್ಟೂಲಿನ ಮೇಲೆ ಕೂತು ಮೋಶೆ ಜನರನ್ನು ಮರುಭೂಮಿಗೆ ಕರೆದೊಯ್ದದ್ದನ್ನು ಹೇಳತೊಡಗಿದರು. ಅರ್ಧ ಗಡ್ಡೆ ಮುಗಿಯಿತು. ಹುಬ್ಬು ಅಲ್ಲಾಡಲಿಲ್ಲ. ಪೂರ್ತಿ ಮುಗಿಯಿತು. ಮೋಶೆ ಸಮುದ್ರ ದಾಟಿದ, ಹುಬ್ಬು ಇದ್ದಲ್ಲೇ ಇತ್ತು. ಈ ಸಲದ ಸರಕೇ ಸಪ್ಪೆ, ತ್ಸೀಗರ್ ಗಿರಣಿಯಲ್ಲಿ ಬಾಲ್ಟ್ಸ್ ಇದ್ದಿದ್ದರೆ ಇಂಥದ್ದನ್ನು ಹೊರಗೆ ಬಿಡುತ್ತಿದ್ದನೇ ಎಂದು ಬೈದುಕೊಂಡು ಇನ್ನೊಂದು ಗಡ್ಡೆ ತೆಗೆದೆ. ಆಮೇಲೆ ಮತ್ತೊಂದು. ಪಾದ್ರಿಯ ಮುಖ ಬ್ಯಾಪ್ಟಿಸಮ್ಮಿನ ಮಗುವಿನ ಹಾಗೆ ಪ್ರಸನ್ನವಾಗಿತ್ತು. ಕೊನೆಗೆ ಅವರು ಮೋಶೆಯನ್ನು ಬೆಟ್ಟದ ಮೇಲೇ ಬಿಟ್ಟು, ಒಂದು ತುಂಡು ಬ್ರೆಡ್ ಸಿಗಬಹುದೇ ಎಂದು ಕೇಳಿ, ಬಾಣಲೆಯ ಅಂಚು ಒರೆಸಿಕೊಂಡು ತಿಂದರು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಮನೆಯ ಖರ್ಚಿಗೆಂದು ಚೀಲದಲ್ಲಿಟ್ಟಿದ್ದ ಗಡ್ಡೆಯನ್ನೂ ತುರಿದು ಹಾಕಿದೆ.

ಬಡಿಸಿದೆವು. ದಳದ ಮುಖ್ಯಸ್ಥ ಯೋಸ್ಟ್ ಸ್ಟ್ರೈಫ್ ವಾಡಿಕೆಯಂತೆ ಮೊದಲ ತುತ್ತು ಬಾಯಿಗಿಟ್ಟ. ಉರಿಯುವ ಕೊಟ್ಟಿಗೆಯೊಳಗೆ ನುಗ್ಗಿ ಹಸು ಎಳೆದು ತಂದ ಗಂಡಸು ಅವನು. ಅವನ ಕಣ್ಣಿಂದ ನೀರು ಇಳಿಯಿತು. ಕಿಟಕಿ ತೆಗೀರಪ್ಪಾ ಅಂದ, ಅಷ್ಟೇ. ಕಿಟಕಿ ತೆಗೆದರು. ಫ್ಯೋನ್ ಒಂದು ಕಡೆಯಿಂದ ನುಗ್ಗಿ, ನನ್ನ ಅಡುಗೆಯ ವಾಸನೆ ಹೊತ್ತು ಇನ್ನೊಂದು ಕಡೆಯಿಂದ ಹೊರಟಿತು. ಸೇತುವೆಯಾಚೆ ಕಾವಲಿದ್ದವರು ಏನು ಹತ್ತಿಕೊಂಡಿದೆ ಎಂದು ಕೇಳಲು ಓಡಿಬಂದರಂತೆ. ಮಕ್ಕಳು ಮೇಜಿನ ಕೆಳಗೆ ಸೇರಿಕೊಂಡರು. ದೊಡ್ಡವರು ಮಾತ್ರ ಯಾರೂ ತಟ್ಟೆ ಸರಿಸಲಿಲ್ಲ, ಸಿಬಿಲ್ಲಾ. ತ್ಸೀಗರ್ ಹೆಚ್ಚಾಯಿತು ಎಂದು ಬಾಯಿಬಿಟ್ಟು ಹೇಳುವ ಗ್ಲಾರುಸ್‌ನವನು ಇನ್ನೂ ಹುಟ್ಟಿಲ್ಲ. ಹಾಗೆ ಹೇಳಿದರೆ ಅವನಜ್ಜಿ ಜ್ಯೂರಿಕ್‌ನವಳೆಂದು ಆಡಿಕೊಳ್ಳುತ್ತಾರೆ. ಎಲ್ಲರೂ ಅಳುತ್ತಾ ಉಂಡರು. ನಾನು ಬಾಗಿಲಲ್ಲಿ ನಿಂತು, ಆಹಾ ಎಷ್ಟು ಮನಮುಟ್ಟಿದೆ ಎಂದುಕೊಂಡೆ.

ರೆಗುಲಾ ತಟ್ಟೆ ಹಿಡಿದು ಅಡುಗೆಮನೆಗೆ ಬಂದಳು. ಗಡ್ಡೆಗಳನ್ನು ಸುತ್ತಿದ್ದ ಖಾಲಿ ಕಾಗದಗಳನ್ನು ನೋಡಿದಳು, ಎರಡನೇ ತಟ್ಟೆ ಬಾರಿಸುತ್ತಿದ್ದ ಪಾದ್ರಿಯನ್ನು ನೋಡಿದಳು, ಬಾಗಿಲು ಮುಂದೆ ಮಾಡಿದಳು.

"ಎಲ್ಸ್‌ಬೆತ್, ನಿನ್ನ ಮೂಗು ಹೋಗಿದ್ದು ಯಾವಾಗ?"

ಮೂಗಿಗೇನು ಧಾಡಿ, ಚೆನ್ನಾಗಿದೆ ಅಂದೆ.

"ಸುಮ್ನಿರೇ. ಫೆಬ್ರವರಿಯಿಂದ ಚರ್ಚಲ್ಲಿ ನನ್ನ ಪಕ್ಕ ಕೂತ್ಕೋತಿದೀಯ. ನನ್ನ ಗಂಡನೇ ಕೂರಲ್ಲ. ಮೂಗಿದ್ದೋರು ಯಾರಾದ್ರೂ ಅಲ್ಲಿ ಕೂರ್ತಾರಾ?"

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಬಾಣಲೆ ಉಜ್ಜತೊಡಗಿದೆ. ಆಗ ಪಾದ್ರಿ ಎದ್ದು ನಿಂತರು. ನಮ್ಮ ಪಂಥದಲ್ಲಿ ಪಾಪನಿವೇದನೆ ಇಲ್ಲ, ಪಾದ್ರಿಯೇ ಅಡುಗೆಯವಳ ಮುಂದೆ ನಿವೇದಿಸಿಕೊಳ್ಳುವುದಂತೂ ಯಾವ ಪಂಥದಲ್ಲೂ ಇಲ್ಲ. ಆದರೂ ಅವರು ಹೇಳಿಕೊಂಡರು. ಬಂದ ಹೊಸದರಲ್ಲಿ ನಿಜಕ್ಕೂ ವಾಕರಿಕೆ ಬರುತ್ತಿತ್ತಂತೆ. ಮೂರನೆಯ ಚಳಿಗಾಲದ ಹೊತ್ತಿಗೆ ಬೆಣ್ಣೆಯೊಡನೆ ಬ್ರೆಡ್ಡಿಗೆ ಸವರಿ ತಿನ್ನದೆ ನಿದ್ದೆ ಬರುತ್ತಿರಲಿಲ್ಲವಂತೆ. ಹೆಂಡತಿ ಮನೆಯೊಳಗೆ ತರಬೇಡ ಅಂದಿದ್ದಾಳೆ, ಸೌದೆ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ನಿಂತೇ ತಿನ್ನುತ್ತಾರಂತೆ.

"ಇವತ್ತಿನದರಷ್ಟು ಚೆನ್ನಾಗಿರೋದು ನಾನು ತಿಂದೇ ಇಲ್ಲ, ಎಲ್ಸ್‌ಬೆತ್ ಅವರೇ," ಅಂದರು.

ನನ್ನ ತಕ್ಕಡಿಯೇ ತುಕ್ಕು ಹಿಡಿದಿತ್ತು ನೋಡು! ನಾನು ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದೆ. ರೆಗುಲಾ ನಗಲಿಲ್ಲ, ಅವಳಿಗೆ ಕೆಲಸವಿತ್ತು. ಮನೆಗೆ ಹೋಗಿ ಕೆನೆಯ ಕ್ಯಾನು ತಂದಳು, ಇನ್ನಷ್ಟು ಮ್ಯಾಕರೋನಿ ಬೇಯಿಸಿ ಹಂಡೆಗೆ ಸುರಿದಳು, ಎಲ್ಲರ ತಟ್ಟೆಗೂ ಸೇಬಿನ ಗೊಜ್ಜನ್ನು ದುಪ್ಪಟ್ಟು ಹಾಕಿಸಿದಳು. ಅವಳ ಕೆನೆಯನ್ನು ನಾನು ನನ್ನ ಹಂಡೆಯೊಳಗೆ ಕಣ್ಣಾರೆ ಕಂಡು ಸುಮ್ಮನಿದ್ದೆ. ಬಾಲ್ಟ್ಸ್ ಇದ್ದಿದ್ದರೆ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಿದ್ದ. ಎರಡನೇ ಸಲ ಬಡಿಸಿದಾಗ ಮಕ್ಕಳೂ ಮೇಜಿನಡಿಯಿಂದ ಬಂದರು. ನೆಗಡಿಯಿದ್ದವರಿಗೆಲ್ಲ ಬಿಟ್ಟುಹೋಯಿತು, ಇದೊಂದು ಮರೆಯಲಾಗದ ವರ್ಷ ಎಂದು ಯೋಸ್ಟ್ ಎದ್ದುನಿಂತು ಹೊಗಳಿದ. ಅವನಿಗಿನ್ನೂ ಮೂಗು ಸೋರುತ್ತಿತ್ತು.

ಪಾತ್ರೆ ತೊಳೆಯುವಾಗ ರೆಗುಲಾ ನನ್ನ ಕಡೆ ನೋಡದೆ ಹೇಳಿದಳು: "ಯಾರಿಗೂ ಹೇಳಲ್ಲ. ಮುಂದಿನ ವರ್ಷ ಆ ಸ್ಟೂಲ್ ಮೇಲೆ ನಾನು ಕೂರ್ತೀನಿ. ನಾನು ಸಾಕು ಅಂದಾಗ ಕೈ ನಿಲ್ಸು."

ತಕ್ಕಡಿ ತರಬಾರದು ಅಂದೆ. ತರಲ್ಲ ಅಂದಳು. ಕೆನೆ? ಅದನ್ನು ಆಮೇಲೆ ನೋಡೋಣ ಅಂದಳು. ಅವಳ ಹಟ ನಿನಗೆ ಗೊತ್ತಲ್ಲ. ಹಂಡೆ ಸದ್ಯಕ್ಕೆ ನಮ್ಮ ಮನೆಯಲ್ಲೇ ಇದೆ, ಇನ್ನೂ ವಾಸನೆ ಹೋಗಿಲ್ಲವಂತೆ, ಅಂಗಳದಲ್ಲಿ ಬೋರಲು ಹಾಕಿದ್ದೇನೆ.

ಎತ್ತೋರೆಗೆ ನನ್ನ ನಮಸ್ಕಾರ ಹೇಳು. ಅವನ ಬೆನ್ನುನೋವಿಗೆ ಬೇಕಾದರೆ ರೆಗುಲಾಳ ಮರ್ಮಟ್ ಕೊಬ್ಬು ಕಳಿಸುತ್ತೇನೆ. ಅದರ ಮುಂದೆ ತ್ಸೀಗರ್ ಅವನಿಗೆ ಗುಲಾಬಿಯಾಗುತ್ತದೆ. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಡಲಿ, ನಿಂಬೆ ಗಿಡ ಕಾಯಿ ಬಿಡಲಿ.

ನಿನ್ನ ಅತ್ತಿಗೆ,
ಎಲ್ಸ್‌ಬೆತ್

ತಾಜಾ ಕಲಂ: ಕೋಟಿನ ವಿಷಯ. ಬಾಲ್ಟ್ಸ್ ಹೋಗಿ ಮೂರು ವರ್ಷವಾಯಿತು, ಇನ್ನಾದರೂ ಅವನ ಗಿರಣಿಯ ಕೋಟನ್ನು ಒಗೆದು ಯಾರಿಗಾದರೂ ಕೊಡು ಎಂದು ನೀನು ಬರೆದಿದ್ದೆ. ನೀನು ನನ್ನ ಒಳ್ಳೆಯದಕ್ಕೇ ಹೇಳಿದೆ. ಅವನು ಇದ್ದಷ್ಟು ಕಾಲ ನಾನು ಆ ಕೋಟನ್ನು ಸೌದೆ ಕೊಟ್ಟಿಗೆಯಿಂದ ಈಚೆಗೆ ಬಿಟ್ಟವಳಲ್ಲ. ಹಿಮ ಬೀಳುವಾಗಲೂ ಅವನು ಅಲ್ಲೇ ಕಳಚಿಟ್ಟು ಅಂಗಿಯಲ್ಲಿ ನಡುಗುತ್ತಾ ಒಳಗೆ ಬರುತ್ತಿದ್ದ. ಮಣ್ಣು ಮಾಡಿ ಬಂದ ದಿನ ಅದನ್ನು ಒಳಗೆ ತಂದು ಹಾಸಿಗೆಯ ಪಕ್ಕ ನೇತುಹಾಕಿದೆ. ದಿನಾ ಮಲಗುವ ಮುಂಚೆ ಕಾಲರಿಗೆ ಮುಖ ಒತ್ತಿ, ಎಷ್ಟು ನಾರುತ್ತೀಯೋ ಎಂದು ಬೈದು ಮಲಗುತ್ತಿದ್ದೆ. ಫೆಬ್ರವರಿಯಿಂದ ಅದು ಬರೀ ಬಟ್ಟೆ. ಒಲೆಯ ಮುಂದೆ ಕಾಯಿಸಿ ನೋಡಿದೆ, ಒದ್ದೆ ಮಾಡಿ ನೋಡಿದೆ. ಭಾನುವಾರ ಎಲ್ಲರ ಜೊತೆ ನಕ್ಕು ಬಂದು ಮತ್ತೆ ಮುಖ ಒತ್ತಿದೆ. ಏನೂ ಇಲ್ಲ. ಹಂಡೆಗೆ ರೆಗುಲಾಳ ಮೂಗು ಸಾಕು, ಇದಕ್ಕೆ ಅವಳನ್ನು ಕರೆಯಲಾರೆ. ನೀನು ಅವನ ಬೆನ್ನಿಗೇ ಹುಟ್ಟಿದವಳು, ತ್ಸೀಗರಿನ ವಾಸನೆಯ ಅಡಿಯಲ್ಲಿ ಅವನದು ಯಾವುದು ಎಂದು ನಿನಗೆ ಗೊತ್ತಿರುತ್ತದೆ. ಕೋಟನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ಎತ್ತೋರೆ ಏನೇ ಹೇಳಲಿ ಬಾಲ್ಕನಿಯಲ್ಲಿ ಹಾಕಬೇಡ, ಗಾಳಿಗೆ ಹೋಗಿಬಿಡುತ್ತದೆ. ಕಾಲರಿನ ಒಳಮಗ್ಗುಲಿಗೆ ಮೂಗಿಟ್ಟು ನೋಡು. ಅವನು ಇನ್ನೂ ಅದರಲ್ಲಿದ್ದರೆ, ಇದ್ದಾನೆ ಎಂದು ಒಂದು ಸಾಲು ಬರೆದು ಕೋಟು ವಾಪಸು ಕಳಿಸು. ಇಲ್ಲವೆನಿಸಿದರೆ ನಿನಗೂ ನೆಗಡಿಯಾಗಿದೆ ಎಂದು ತಿಳಿದುಕೊಂಡು, ಒಗೆಯದೆ ಹಾಗೆಯೇ ಕಳಿಸಿಬಿಡು.