ತಂಗಿಯ ಶೂ ಇನ್ನೂ ಕಾಲಲ್ಲೇ ಇದೆ

ಸೂಜಿದಾರ ಇಲಾಖೆಯ ಮಾಜಿ ಮುಖ್ಯಸ್ಥೆಯಾದ ನನ್ನಜ್ಜಿಯ ಸನ್ನಿಧಾನಕ್ಕೆ,

ನೀನಿರುವಲ್ಲಿಗೆ ಅಂಚೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಈ ವರದಿ ಒಪ್ಪಿಸುತ್ತಿದ್ದೇನೆ. ಇಂದು ಸಂಜೆ ಬ್ಯಾಲೆ ಶಾಲೆಯ ವಾರ್ಷಿಕ ಪ್ರದರ್ಶನವಿತ್ತು. ವರ್ಷವಿಡೀ ಕಾಲ್ಬೆರಳಲ್ಲಿ ಬೊಬ್ಬೆ ಏಳುವಷ್ಟು ಅಭ್ಯಾಸ ಮಾಡಿದ್ದ ತಂಗಿ ಮೊದಲ ಸಲ ಒಬ್ಬಳೇ ಕುಣಿಯಬೇಕಿತ್ತು.

ಶೂ ರಿಬ್ಬನ್ನಿನ ಗಂಟು ಬಿಚ್ಚಿಕೊಳ್ಳದಂತೆ ಪರದೆಯ ಹಿಂದೆ ಕೂತು ಅದರ ಮೇಲೊಂದು ಹೊಲಿಗೆ ಹಾಕುವುದು ಯಾವಾಗಲೂ ನಿನ್ನ ಕೆಲಸವಾಗಿತ್ತಲ್ಲ?

"ಅಜ್ಜಿ ಹಾಕದಿದ್ರೆ ನಾ ಹೋಗಲ್ಲ," ಎಂದು ಇವಳು ಅಳುತ್ತಾ ಕೂತುಬಿಟ್ಟಳು. ಟೀಚರ್ ಬೇಡಿಕೊಂಡರು, ಅಮ್ಮ ಗದರಿದಳು. ಕೊನೆಗೆ ನಾನು ಟೀಚರ್ ಕನ್ನಡಕವನ್ನೇ ಇಸಕೊಂಡು ಮೂಗಿನ ತುದಿಗೇರಿಸಿ, ದಾರವನ್ನು ಬಾಯಲ್ಲಿ ಒದ್ದೆ ಮಾಡಿ, ನಿನ್ನ ಧ್ವನಿಯಲ್ಲೇ, "ಅಲ್ಲಾಡಬೇಡ್ವೇ ಕೋತಿ, ಚುಚ್ಚಿಬಿಟ್ಟೇನು!" ಎಂದೆ. ಅಳುತ್ತಲೇ ನಕ್ಕಳು. ಕಾಲು ಚಾಚಿದಳು.

ಚೆನ್ನಾಗಿ ಕುಣಿದಳು ಅಜ್ಜಿ. ಎಷ್ಟು ಚೆನ್ನಾಗಿ ಎಂದರೆ, ಮುಂದಿನ ತರಗತಿಗೆ ಆರಿಸಿದ್ದೇವೆ ಎಂದು ಟೀಚರ್ ಅಲ್ಲೇ ಹೇಳಿಬಿಟ್ಟರು.

ಒಂದು ಸಣ್ಣ ಅಚಾತುರ್ಯವನ್ನೂ ವಿನಮ್ರವಾಗಿ ನಿವೇದಿಸಬೇಕಿದೆ. ಗಂಟಿನ ಜೊತೆಗೆ ಕಾಲುಚೀಲವನ್ನೂ ಸೇರಿಸಿ ಹೊಲಿದಿದ್ದೇನೆ. ಶೂ ಕಳಚುತ್ತಿಲ್ಲ. "ಹಲ್ಲಲ್ಲಿ ಕಚ್ಚಿ ಬಿಡಿಸ್ಲಾ?" ಎಂದರೆ ಒದೆಯಲು ಬಂದಳು. ಮನೆಗೆ ಬಂದು ಶೂ ಹಾಕಿಕೊಂಡೇ ಊಟಕ್ಕೆ ಕೂತಳು.

ಅಷ್ಟು ಬಿಗಿಯಾದ ಹೊಲಿಗೆಗೆ ನಿನ್ನ ಪುಟ್ಟ ಕತ್ತರಿಯೇ ಆಗಬೇಕು. ಅದಿರುವುದು ನಿನ್ನ ಹೊಲಿಗೆ ಪೆಟ್ಟಿಗೆಯಲ್ಲಿ. ನೀನು ಮುಚ್ಚಿಟ್ಟ ಮೇಲೆ ಆ ಪೆಟ್ಟಿಗೆಯನ್ನು ಯಾರೂ ತೆರೆದಿಲ್ಲ. ಊಟದುದ್ದಕ್ಕೂ ಮೂವರೂ ಅದನ್ನೇ ನೋಡಿದೆವು. ಅಮ್ಮ ಒಮ್ಮೆ ಎದ್ದು ನಿಂತಳು, ಮತ್ತೆ ಕೂತಳು.

"ಇರ್ಲಿ ಬಿಡಮ್ಮ," ಎಂದಳು ತಂಗಿ. "ಕಾಲೇನೂ ನೋಯ್ತಿಲ್ಲ."