ಪಂಚಾಯ್ತಿ ತೊಲೆಗೆ ಕಟ್ಟಿದ ಜೋಲಿ

ಹುಣಸೆದೊಡ್ಡಿ, ಮಾಗಡಿ ತಾಲ್ಲೂಕು
೨೬-೧೧-೨೦೦೬, ಭಾನುವಾರ

ಪ್ರೀತಿಯ ಮೊಮ್ಮಗ ದೇವರಾಜುವಿಗೆ,

ಒಂಗೋಲಿನ ಕಲ್ಲುಕ್ವಾರಿಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಿಲ್ಲ ತಾನೆ? ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಮಿಷನ್ ಹತ್ತಿರ ನಿಲ್ಲು. ಅಲ್ಲಿಯ ಖಾರ ಹೊಟ್ಟೆಗೆ ಒಗ್ಗದಿದ್ದರೆ ಮಜ್ಜಿಗೆ ಕುಡಿ. ನಿನ್ನ ಮಗಳು ಸಿರಿ ದಿನದಿನಕ್ಕೆ ತುಂಬಿಕೊಳ್ಳುತ್ತಿದ್ದಾಳೆ. ಕಿವಿ ನಿನ್ನದು, ಕೋಪ ನನ್ನದು. ನಿನ್ನ ಹೆಂಡತಿ ಸೌಮ್ಯಳೂ ಚೆನ್ನಾಗಿದ್ದಾಳೆ. ಆದರೆ ಸೋಲೂರಿನ ತವರಿನಲ್ಲಿಲ್ಲ, ಇಲ್ಲಿ ನಮ್ಮ ಮನೆಯಲ್ಲಿದ್ದಾಳೆ. ಐದು ತಿಂಗಳು ತುಂಬುವವರೆಗೆ ಅಲ್ಲಿರಬೇಕಾದ ಬಾಣಂತಿಯನ್ನು ಎರಡನೇ ತಿಂಗಳಿಗೇ ಕರೆಸಿಕೊಂಡವಳು ನಾನೇ. ನಿಮ್ಮಪ್ಪ ಮರಿಯಪ್ಪ ಫೋನಿನಲ್ಲಿ ಏನೇನು ಊದಿದ್ದಾನೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸು ಓದಿದವಳ ಅಕ್ಷರ, ನಿಧಾನವಾಗಿ ಓದು.

ಹೋದ ತಿಂಗಳು ನೀನು ಬೂತಿನಿಂದ ಫೋನ್ ಮಾಡಿ ಹೇಳಿದ್ದು ನೆನಪಿದೆಯೋ ಇಲ್ಲವೋ. "ಸಭೆಗೆಲ್ಲಾ ಅವ್ಳು ಯಾಕೋಗ್ಬೇಕಜ್ಜಿ, ಪುಸ್ತಕ ಮನೆ ಬಾಗ್ಲಿಗೇ ಬತ್ತದೆ, ಒಂದು ಸೈನ್ ಆಕ್ಲಿ ಬುಡು" ಅಂದೆ. ಬಾಣಂತಿ ಹೊಸಿಲು ದಾಟಬಾರದು ಎಂದು ನಾನೂ ಸುಮ್ಮನಾದೆ, ಸುಳ್ಳು ಹೇಳುವುದಿಲ್ಲ. ನಮ್ಮ ಪಂಚಾಯ್ತಿಯಲ್ಲಿ ಸೌಮ್ಯಳಂಥ ಹೆಂಗಸರು ಮೆಂಬರಾಗಿ ಗೆದ್ದಾಗಿನಿಂದ ನಡೆದುಬಂದದ್ದು ಅದೇ ತಾನೆ. ಬಿಲ್ ಕಲೆಕ್ಟರ್ ಗಂಗಹನುಮಯ್ಯ ಸಭೆಯ ನಡಾವಳಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಮನೆಗೆ ಬರುತ್ತಾನೆ, ಗೆದ್ದವರು ಒಲೆ ಮುಂದೆ ಕೈ ಒರೆಸಿಕೊಂಡು ಸೈನ್ ಹಾಕುತ್ತಾರೆ, ಅವರ ಗಂಡಂದಿರು ಸಭೆಯಲ್ಲಿ ಕುರ್ಚಿ ಮೇಲೆ ಕೂತು ಬೋಂಡ ತಿನ್ನುತ್ತಾರೆ. ಸೌಮ್ಯಳಿಗಾಗಿ ಅವನು ಸೋಲೂರಿನ ಬಸ್ಸೇ ಹತ್ತಿದ. ಸಿರಿಗೆ ಆಗ ಇಪ್ಪತ್ತೆರಡು ದಿನ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಪೆನ್ನು, ಹಾಳೆ ಖಾಲಿ. ಅವಳು ಸೈನ್ ಹಾಕಿದಳು. ಆಮೇಲೆ ಅದರ ಮೇಲೆ ಅವರು ಬರೆದುಕೊಂಡದ್ದು ಏನು ಗೊತ್ತೇ? ಕೆರೆ ಪಕ್ಕ ಎದ್ದಿರುವ ಬಣ್ಣದ ಫ್ಯಾಕ್ಟರಿಯವರು ಮೂರು ಬೋರು ಕೊರೆಯಲು ಎಲ್ಲ ಸದಸ್ಯರೂ ಒಪ್ಪಿದ್ದಾರೆ ಎಂದು. ನಮ್ಮ ಬೀದಿಯವರು ಕುಡಿಯುವ ನೀರಿನ ಬೋರು ಅಲ್ಲಿಂದ ನೂರು ಹೆಜ್ಜೆ ಇಲ್ಲ. ನಲ್ಲಿ ಹತ್ತಿರ ನನ್ನನ್ನೇ ಹಿಡಿದುಕೊಂಡು, "ನಿಮ್ಮ ಸೌಮ್ಯನೇ ಬರ್ಕೊಟ್ಟವ್ಳಂತಲ್ಲಜ್ಜಿ" ಅಂದರು. ಮುಖ ಎಲ್ಲಿಡಲಿ?

ಈ ತಿಂಗಳ ಸಭೆಯಲ್ಲಿ ಹೋದ ತಿಂಗಳದ್ದನ್ನು ಓದಿ ಒಪ್ಪಿಬಿಟ್ಟರೆ ಕೆಲಸ ಮುಗಿಯಿತು, ಬೋರಿನ ಲಾರಿ ಬಂದು ನಿಲ್ಲುತ್ತದೆ. ಇಲ್ಲ ಎನ್ನಬೇಕಾದರೆ ಅವಳೇ ಎದುರು ನಿಂತು ಅನ್ನಬೇಕು. ನಿಮ್ಮಪ್ಪ "ಅವ್ಳ ಬದ್ಲು ನಾನೋಗಿ ಮಾತಾಡ್ಕಂಡು ಬತ್ತೀನಿ" ಎಂದು ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡ. "ವೋಟು ನಿಂಗಾಕಿದ್ರೇನ್ಲಾ ಮರಿಯಪ್ಪ?" ಎಂದು ಕೇಳಿದೆ, ಇಸ್ತ್ರಿ ಮಡಿಕೆ ಮುರಿಯದಂತೆ ಕೂತುಬಿಟ್ಟ.

ಶುಕ್ರವಾರ ನಾವು ಮೂವರು ಹೆಂಗಸರು ಹೋದೆವು, ಸಿರಿಯನ್ನೂ ಸೇರಿಸಿ. ಹನ್ನೊಂದಕ್ಕೆ ಸಭೆ ಅಂತ ನೋಟೀಸು, ಅಧ್ಯಕ್ಷರು ಬಂದದ್ದು ಎರಡು ಗಂಟೆಗೆ. ಅಷ್ಟು ಹೊತ್ತು ಮಗುವಿಗೆ ಹಾಲು ಕೊಡಲು ಒಂದು ಮರೆಯಿಲ್ಲ, ಕಕ್ಕಸಿಗೆ ಬೀಗ, ಬೀಗದ ಕೈ ಯಾರ ಹತ್ತಿರವೂ ಇಲ್ಲ. ಹಳೇ ಹೆಂಚಿನ ಕಟ್ಟಡವಲ್ಲವೇ, ತೊಲೆ ತಗ್ಗಿನಲ್ಲಿದೆ. ಬೆಂಚು ಹತ್ತಿ ನನ್ನ ಹಳೇ ಸೀರೆಯಲ್ಲಿ ಮೇಜಿನ ಪಕ್ಕಕ್ಕೇ ಜೋಲಿ ಕಟ್ಟಿ ಮಗುವನ್ನು ಮಲಗಿಸಿದೆ. ಅಧ್ಯಕ್ಷರು ಒಳಗೆ ಬಂದವರೇ "ಇದೇನ್ ಸಭೆಯೋ, ಹೆರಿಗೆ ಆಸ್ಪತ್ರೆಯೋ?" ಅಂದರು. "ಎರಡೂ ಅಲ್ಲ ಕಣಪ್ಪ, ಮೂರು ಗಂಟೆ ಕಾಯೋ ಬಸ್ ಸ್ಟಾಂಡು" ಅಂದೆ. ಹೊರಗಿನವರು ಸಭೆಯಲ್ಲಿ ಇರುವ ಹಾಗಿಲ್ಲ, ಮುದುಕಿ ಎದ್ದು ಹೋಗಲಿ ಎಂದರು. ಅದನ್ನೇ ಕಾಯುತ್ತಿದ್ದೆ. "ಹೋಯ್ತೀನಿ, ಈ ಕುರ್ಚಿ ಮೇಲಿರೋ ಐದು ಜನ ಗಂಡಂದ್ರು ಯಾವ್ಯಾವ ವಾರ್ಡಲ್ಲಿ ಗೆದ್ದವ್ರೆ ಅಂತ ಒಸಿ ಓದಿ ಹೇಳ್ಬುಡಿ" ಅಂದೆ. ಗಂಗಹನುಮಯ್ಯ ಪುಸ್ತಕದೊಳಗೆ ಮುಖ ತೂರಿಸಿ ನಕ್ಕ. ಐವರೂ ಎದ್ದರು, ನಾನೂ ಎದ್ದು ಬಾಗಿಲಾಚೆ ಕೂತೆ, ಜೋಲಿಯ ಹಗ್ಗದ ತುದಿ ನನ್ನ ಕೈಯಲ್ಲೇ ಇತ್ತು.

ನಡಾವಳಿ ಓದುವಾಗ ಸಿರಿ ಅಳಲು ಶುರು ಮಾಡಿದಳು. ನಿನ್ನ ಹೆಂಡತಿ ಮಗುವನ್ನು ಸೆರಗಿನೊಳಗೆ ತೆಗೆದುಕೊಂಡು, ಹಾಲು ಕೊಡುತ್ತಲೇ ಹೇಳಿದಳು: "ಆವತ್ತು ನಾನು ಸೋಲೂರಲ್ಲಿದ್ದೆ. ಖಾಲಿ ಹಾಳೆಗೆ ಸೈನ್ ಹಾಕಿದ್ದು ನನ್ನ ತಪ್ಪು. ಅದ್ರ ಮೇಲೆ ಬರ್ದಿರೋದು ನನ್ನ ಮಾತಲ್ಲ, ಹೊಡ್ದಾಕಿ." ಅಲ್ಲಿವರೆಗೆ ಗೋಡೆ ಪಕ್ಕ ನಿಂತಿದ್ದು, ಗಂಡ ನಿಯಾಜ್ ಎದ್ದುಹೋದ ಕುರ್ಚಿಯಲ್ಲಿ ಅದೇ ಮೊದಲ ಸಲ ಕೂತಿದ್ದ ಮೆಂಬರ್ ಜಹೀದಾ ಕೂಡ "ನಂದೂ ಮನೇಲೇ ಹಾಕಿಸ್ಕಂಡೋಗಿದ್ದು" ಅಂದುಬಿಟ್ಟಳು. ಕಾರ್ಯದರ್ಶಿಯ ಪೆನ್ನು ಅಲ್ಲೇ ನಿಂತಿತು. ಬೋರಿನ ವಿಷಯ ಸದ್ಯಕ್ಕೆ ನಿಂತಿದೆ. ಮುಂದಿನ ಸಭೆಗೆ ತಾಲ್ಲೂಕಿನಿಂದ ಸಾಹೇಬರು ಬಂದು ಸದಸ್ಯರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಾರಂತೆ.

ಸೌಮ್ಯ ಇನ್ನೊಂದು ಅರ್ಜಿಯನ್ನೂ ಬರೆದಿದ್ದಾಳೆ. ಹೇಳಿದ ಹೊತ್ತಿಗೆ ಸಭೆ, ಹಾಲೂಡಿಸಲು ಪರದೆ ಕಟ್ಟಿದ ಒಂದು ಮೂಲೆ, ಕಕ್ಕಸಿನ ಬೀಗದ ಕೈ ಗೋಡೆಯ ಮೊಳೆಯಲ್ಲಿ. ಡೆಲ್ಲಿ ಪಾರ್ಲಿಮೆಂಟಿನಲ್ಲಿ ಹಸುಗೂಸಿನ ತಾಯಂದಿರು ಏನು ಮಾಡುತ್ತಾರೋ ನಾನು ಕಾಣೆ. ಅಲ್ಲೂ ಇಲ್ಲದಿದ್ದರೆ ಅವರೂ ನಮ್ಮನ್ನು ನೋಡಿ ಕಲಿಯಲಿ. ನಿಮ್ಮಪ್ಪ ಮಾನ ಹೋಯಿತು ಅನ್ನುತ್ತಾನೆ. ಮಗು ಹಾಲು ಕುಡಿದರೆ ಹೋಗುವ ಮಾನ ಹೋಗಲಿ ಬಿಡು, ಹುಡುಕಿಕೊಂಡು ಯಾರೂ ಹೋಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತೋಳಿಗೆ ಬಲ ಬರಲಿ, ಬುದ್ಧಿಗೂ ಬರಲಿ.

ನಿನ್ನನ್ನು ಎತ್ತಿ ಆಡಿಸಿದ ಅಜ್ಜಿ,
ವೆಂಕಟಲಕ್ಷ್ಮಮ್ಮ

ಮರೆತೆ: ಜೋಲಿ ಬಿಚ್ಚಿ ಇಳಿಯುವಾಗ ಬೆಂಚು ಜಾರಿ ನನ್ನ ಎಡಗೈ ಮುರಿದಿದೆ, ಆರು ವಾರ ಕಟ್ಟು. ಸೌಮ್ಯಳಿಗೆ "ಅವ್ರಿಗೆ ಬರೀಬೇಡಿ ಅಜ್ಜಿ, ಗಾಬರಿ ಬೀಳ್ತಾರೆ" ಎಂಬ ಚಿಂತೆ. ಗಾಬರಿಯಾಗು. ಡಿಸೆಂಬರ್ ಹನ್ನೊಂದು, ಸೋಮವಾರ, ಸಾಹೇಬರ ಸಭೆ. ಮೇಸ್ತ್ರಿಗೆ ಅಜ್ಜಿ ಸತ್ತಳು ಅಂತಲಾದರೂ ಹೇಳಿ ಭಾನುವಾರದೊಳಗೆ ಬಾ. ಅವಳ ಕುರ್ಚಿಯಲ್ಲಿ ಕೂರಲು ಅಲ್ಲ. ಬಾಗಿಲಾಚೆ ನಿನ್ನ ಮಗಳನ್ನು ಎತ್ತಿಕೊಂಡು ಕೂರಲು.