ಸಾಕ್ಷಿಯ ಜಾಗದಲ್ಲಿ ನನ್ನ ಸಹಿ

ಪ್ರೀತಿಯ ಮರ್ವ್,

ಗುರುವಾರ ಸಿಡ್ನಿಯ ಡಾಕ್ಟರರು ಆಪರೇಷನ್‌ಗೆ ನಿನ್ನ ಎದೆ ತೆರೆಯುವ ಮುಂಚೆ ಒಂದು ಕೆಲಸವಿದೆ, ಗೊಣಗಬೇಡ. ನಾಯಿಯ ಲೈಸೆನ್ಸ್ ಹುಡುಕುತ್ತಾ ಬಿಸ್ಕತ್ತಿನ ಡಬ್ಬಿ ತೆರೆದರೆ ನಿನ್ನ ವಿಲ್ ಸಿಕ್ಕಿತು. ಹೋದ ಈಸ್ಟರ್‌ಗೆ ಹಾಳೆಯ ಮೇಲೆ ಟವೆಲ್ ಮುಚ್ಚಿ, "ಓದ್ಬೇಡ ಕಣೇ, ಸುಮ್ನೆ ಇಲ್ಲೊಂದು ಸೈನ್ ಹಾಕು" ಅಂದೆಯಲ್ಲ, ಅದೇ. ಮನೆಯನ್ನೂ ಸಿಂಪಿ ಬೆಳೆಸುವ ಕೊಲ್ಲಿಯ ಗುತ್ತಿಗೆಯನ್ನೂ ನನಗೇ ಬರೆದಿದ್ದೀಯ.

ವಕೀಲೆ ಟ್ರೆಲೋರ್ ಅದನ್ನು ನೋಡಿ ತಲೆ ಚಚ್ಚಿಕೊಂಡರು. "ಆಸ್ತಿ ಪಡೆಯೋಳೇ ಸಾಕ್ಷಿ ಹಾಕಿದ್ರೆ ಅವಳ ಪಾಲು ಹೋಯ್ತು ಅಂತಾನೇ, ಕೋರಲೀ. ಮಲತಂದೆ ಬೇರೆ, ದತ್ತೂ ತಗೊಂಡಿಲ್ಲ. ನಿಮ್ಮಮ್ಮನೂ ಈಗಿಲ್ಲ. ಎಲ್ಲಾ ಅವರ ತಮ್ಮನಿಗೇ." ಹತ್ತೊಂಬತ್ತು ವರ್ಷದಿಂದ ಫೋನ್ ಮಾಡದ, ಸಿಂಪಿ ಕಂಡರೆ ವಾಕರಿಸುವ ರೆಕ್ಸ್‌ಗೆ! ವಕೀಲರ ಫೀಸು ಉಳಿಸಿದೆನೆಂದು ಬೀಗಿದವನ ಜಾಣತನ ಇದು.

ಹೊಸ ವಿಲ್ ಇದರ ಜೊತೆಗಿದೆ. ಇಬ್ಬರು ನರ್ಸ್‌ಗಳ ಎದುರು ಸಹಿ ಹಾಕು, ಅವರೂ ನಿನ್ನೆದುರೇ ಹಾಕಲಿ. "ಈಗಲೇ ಯಾಕೆ" ಅನ್ನಬೇಡ. ನಲವತ್ತೊಂದನೇ ವಯಸ್ಸಿಗೇ ನಾನೂ ಬರೆಸಿದ್ದೇನೆ. ನನ್ನ ಮೀನಂಗಡಿ ನಿನಗೆ, ಅದಕ್ಕೇ ಸಾಕ್ಷಿ ಹಾಕಲು ನಿನ್ನ ಕೈಗೆ ಪೆನ್ನು ಕೊಡಲಿಲ್ಲ.

ಹಳೆಯದರಲ್ಲಿ "ನನ್ನ ಮಗಳು ಕೋರಲೀಗೆ" ಎಂದು ನೀನು ಬರೆದಿದ್ದೆ. ಹೊಸದರಲ್ಲಿ ವಕೀಲೆ ಅದನ್ನು "ಹೆಂಡತಿಯ ಮಗಳು" ಎಂದು ತಿದ್ದಲು ಹೊರಟರು, ನಾನು ಬಿಡಲಿಲ್ಲ. ಆರು ವರ್ಷದವಳಾಗಿ ಅಮ್ಮನ ಜೊತೆ ಬಂದಾಗಿನಿಂದ ನಾನು ನಿನ್ನನ್ನು ಹೆಸರು ಹಿಡಿದೇ ಕರೆದೆ. ನೀನೂ "ಮಗಳು" ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಶುಕ್ರವಾರ ಕಣ್ಣು ಬಿಟ್ಟಾಗ ಬಾಯಿ ಬಿಟ್ಟು ಹೇಳು. ಅದಕ್ಕೆ ಸಾಕ್ಷಿ ಬೇಕಿಲ್ಲ.

ನಿನ್ನ ಮಗಳು,
ಕೋರಲೀ